ಕಂಡು ಮಾಡುವ ಸಹಿ: ಗ್ರಾಮ ಆಡಳಿತಾಧಿಕಾರಿಯ ಮೊದಲ ವಾರಗಳು

ಹೊಸ ಉದ್ಯೋಗದಲ್ಲಿ ನೆಲೆಯೂರುವುದು ಹೇಗೆ ಎಂಬ ಪ್ರಶ್ನೆ ಎಲ್ಲ ವೃತ್ತಿಗಳಿಗೂ ಸಂಬಂಧಿಸಿದ್ದು; ಆದರೆ ಕರ್ನಾಟಕದ ಕಂದಾಯ ಇಲಾಖೆಯ ಗ್ರಾಮ ಆಡಳಿತಾಧಿಕಾರಿಯ ಮಟ್ಟಿಗೆ ಅದರ ಉತ್ತರ ಆ ಅಧಿಕಾರಿಯೊಬ್ಬರಿಗಷ್ಟೇ ಅಲ್ಲ, ಇಡೀ ಊರಿಗೇ ತಟ್ಟುತ್ತದೆ. ಬಹುಕಾಲ ಗ್ರಾಮ ಲೆಕ್ಕಿಗ ಎಂದು ಕರೆಯಲಾಗುತ್ತಿದ್ದ ಈ ಅಧಿಕಾರಿಯ ಸುಪರ್ದಿಗೆ ಒಂದು ವೃತ್ತ, ಅಂದರೆ ಒಂದು ಅಥವಾ ಹಲವು ಗ್ರಾಮಗಳ ಗುಂಪು, ಬರುತ್ತದೆ. ಆ ವೃತ್ತದ ಭೂದಾಖಲೆ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ವರದಿ, ಪಿಂಚಣಿ ಅರ್ಜಿಯ ಪರಿಶೀಲನೆ, ಬೆಳೆಹಾನಿಯ ಲೆಕ್ಕ ಇವೆಲ್ಲವೂ ಮೊದಲು ಹಾದುಹೋಗುವುದು ಅವರ ಕೈಯಲ್ಲೇ. 2024ರಲ್ಲಿ ಇಂಥ 1000 ಹುದ್ದೆಗಳ ನೇಮಕಕ್ಕೆ ಅಧಿಸೂಚನೆ ಹೊರಬಿದ್ದು, ಪಿಯುಸಿ ವಿದ್ಯಾರ್ಹತೆಯ ಈ ಕೆಲಸಕ್ಕೆ ಹೊಸ ತಲೆಮಾರು ಬರುತ್ತಿರುವ ಹೊತ್ತಿನಲ್ಲಿ, ಕಂದಾಯ ಆಡಳಿತವನ್ನು ಹತ್ತಿರದಿಂದ ಬಲ್ಲ ಇಬ್ಬರ ನಡುವೆ ನಡೆಯಬಹುದಾದ ವಿಚಾರವಿನಿಮಯವನ್ನು ಮುಂದಿನ ಸಂವಾದ ನಿರೂಪಿಸುತ್ತದೆ.

ಒಬ್ಬರು: ಹೊಸ ಉದ್ಯೋಗಿ ಬೇಗ ಹೊಂದಿಕೊಂಡರು ಎಂದು ಹೇಳುವಾಗ ಸಾಮಾನ್ಯವಾಗಿ ಎರಡು ಸಂಗತಿಗಳನ್ನು ಗಮನಿಸಲಾಗುತ್ತದೆ: ಕಚೇರಿಯವರು ಅವರನ್ನು ತಮ್ಮವರೆಂದು ಒಪ್ಪಿಕೊಂಡರೇ, ಕೆಲಸ ಒಪ್ಪಿಸಿದವರು ಸಂತೃಪ್ತರಾದರೇ. ಗ್ರಾಮ ಆಡಳಿತಾಧಿಕಾರಿಗೂ ಇದೇ ಅಳತೆಗೋಲು ಸಾಕಾಗುವುದಿಲ್ಲವೇ? ಊರಿನವರು ಒಪ್ಪಿದರೆ, ತಾಲ್ಲೂಕು ಕಚೇರಿ ಮೆಚ್ಚಿದರೆ, ನೆಲೆಯೂರಿದಂತೆಯೇ ಅಲ್ಲವೇ?

ಇನ್ನೊಬ್ಬರು: ಆ ಅಳತೆಗೋಲನ್ನು ಈ ಹುದ್ದೆಗೆ ಹಾಗೆಯೇ ಅನ್ವಯಿಸಿದರೆ ಅಪಾಯವಿದೆ, ಏಕೆಂದರೆ ಊರಿನಲ್ಲಿ ಹೊಸ ಅಧಿಕಾರಿಯನ್ನು ಮೊದಲು ಭೇಟಿಯಾಗಲು ಬರುವವರು ಇಡೀ ಊರಲ್ಲ, ಭೇಟಿಯಾಗುವ ಶಕ್ತಿ ಮತ್ತು ಬಿಡುವು ಇರುವವರು ಮಾತ್ರ. ಅವರ ಮೆಚ್ಚುಗೆಯನ್ನು ಊರಿನ ಮೆಚ್ಚುಗೆಯೆಂದು ತಿಳಿದ ಅಧಿಕಾರಿ ಎರಡನೆಯ ವಾರದಲ್ಲೇ ಜನಪ್ರಿಯರಾಗಬಹುದು, ಆದರೆ ಅವರ ಸಹಿಗೆ ಬೆಲೆ ಬಂದಿರುವುದಿಲ್ಲ. ಈ ಕೆಲಸದಲ್ಲಿ ನೆಲೆಯೂರುವುದೆಂದರೆ, ಅಧಿಕಾರಿಯ ವರದಿಯ ಹಿಂದೆ ಅವರು ಸ್ವತಃ ಕಂಡ ಸಂಗತಿ ನಿಂತಿದೆ ಎಂಬ ವಿಶ್ವಾಸ ಹುಟ್ಟುವುದು. ಜನಪ್ರಿಯತೆ ಅದರ ಹಿಂದೆ ಬಂದರೆ ಒಳ್ಳೆಯದು, ಅದಕ್ಕಿಂತ ಮುಂಚೆ ಬಂದರೆ ಅದನ್ನು ಅನುಮಾನದಿಂದಲೇ ನೋಡಬೇಕಾಗುತ್ತದೆ.

ಒಬ್ಬರು: ಹಿಂದಿನ ಕಾಲದಲ್ಲಿ ಈ ಹೊಂದಾಣಿಕೆಯ ಪ್ರಶ್ನೆಯೇ ಇರಲಿಲ್ಲ ಎಂದು ಹಳಬರು ಹೇಳುವುದುಂಟು. ಶಾನುಭೋಗರಿಗೆ ಊರಿನ ಪ್ರತಿ ಸರ್ವೆ ನಂಬರೂ ಬಾಯಿಪಾಠವಾಗಿರುತ್ತಿತ್ತಲ್ಲವೇ?

ಇನ್ನೊಬ್ಬರು: ಅದು ನಿಜ, ಆದರೆ ಅದರ ಕಾರಣವನ್ನೂ ಜೊತೆಗೇ ನೋಡಬೇಕು. ಹಳೆ ಮೈಸೂರಿನ ಶಾನುಭೋಗಿಕೆಯಾಗಲಿ, ಮುಂಬಯಿ ಕರ್ನಾಟಕದ ಕುಲಕರ್ಣಿಕೆಯಾಗಲಿ ವಂಶಪಾರಂಪರ್ಯವಾಗಿ ಬಂದ ಹುದ್ದೆಗಳಾಗಿದ್ದುದರಿಂದ, ಮಗ ತಂದೆಯ ಪಕ್ಕದಲ್ಲಿ ಕುಳಿತು ಲೆಕ್ಕದ ಪುಸ್ತಕಗಳನ್ನು ನೋಡುತ್ತಲೇ ಬೆಳೆಯುತ್ತಿದ್ದ. ಅವನಿಗೆ ಹೊಸ ಕೆಲಸದ ಮೊದಲ ವಾರ ಎಂಬುದೇ ಇರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದು ವಂಶಪಾರಂಪರ್ಯ ಹಕ್ಕು ಕೊನೆಗೊಂಡಾಗ, ಊರಿನ ಜಮೀನಿನ ತಿಳಿವಳಿಕೆ ಒಂದೇ ಮನೆಯ ಸೊತ್ತಾಗಿದ್ದ ಸ್ಥಿತಿ ಮುರಿಯಿತು. ಯಾವ ಜಾತಿಯವರಾದರೂ, ಹೆಣ್ಣಾದರೂ ಗಂಡಾದರೂ, ಅರ್ಹತೆಯಿಂದ ಆ ಕುರ್ಚಿಗೆ ಬರುವ ದಾರಿ ತೆರೆಯಿತು. ಅದು ದೊಡ್ಡ ಗಳಿಕೆ. ಆದರೆ ಅದರ ಬೆಲೆಯೂ ಒಂದಿದೆ: ಅಧಿಕಾರಿ ಊರಿಗೆ ಅಪರಿಚಿತರಾಗಿ ಬರುತ್ತಾರೆ, ಹುಟ್ಟಿನಿಂದ ಬರುತ್ತಿದ್ದ ತಿಳಿವಳಿಕೆಯನ್ನು ಶ್ರಮದಿಂದ ಸಂಪಾದಿಸಬೇಕಾಗುತ್ತದೆ. ಮೊದಲ ವಾರಗಳು ಆ ಬೆಲೆಯನ್ನು ತೆರುವ ಕಾಲ. ಆಗ ತೆರದಿದ್ದರೆ, ಹಳೆಯ ತಿಳಿವಳಿಕೆಯನ್ನು ಇಟ್ಟುಕೊಂಡಿರುವ ಯಾರೋ ಒಬ್ಬರು ಅಧಿಕಾರಿಯ ಹೆಸರಿನಲ್ಲಿ ಊರನ್ನು ನಡೆಸತೊಡಗುತ್ತಾರೆ.

ಒಬ್ಬರು: ಆದರೆ ಇಂದು ತಿಳಿವಳಿಕೆ ಯಾರೊಬ್ಬರ ಮನೆಯಲ್ಲೂ ಇಲ್ಲ, ಅದು ಗಣಕದಲ್ಲಿದೆ. 2000ದ ಆಸುಪಾಸಿನಲ್ಲಿ ಆರಂಭವಾದ ಭೂಮಿ ಯೋಜನೆ ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸಿತು. ಪಹಣಿಯನ್ನು ಯಾರು ಬೇಕಾದರೂ ಪಡೆದುಕೊಳ್ಳಬಹುದಾದಾಗ, ಹೊಸ ಅಧಿಕಾರಿ ಊರನ್ನು ಅರಿಯಲು ಅಷ್ಟು ಶ್ರಮಪಡಬೇಕಾದ ಅಗತ್ಯವೇನು?

ಇನ್ನೊಬ್ಬರು: ಪಹಣಿ, ಅಂದರೆ ಗೇಣಿ ಮತ್ತು ಪಹಣಿ ಪತ್ರಿಕೆಯೆಂದು ಕರೆಯಲಾಗುವ ನಮೂನೆ 16, ಒಂದು ಸರ್ವೆ ನಂಬರಿನ ಕುರಿತು ಹಲವು ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ: ಒಟ್ಟು ವಿಸ್ತೀರ್ಣವೆಷ್ಟು, ಅದರಲ್ಲಿ ಖರಾಬು ಎಷ್ಟು, ಕಾಲಂ 9ರಲ್ಲಿ ಸ್ವಾಧೀನದಾರರು ಯಾರು, ಕಾಲಂ 10ರಲ್ಲಿ ಅದು ಅವರಿಗೆ ಹೇಗೆ ಬಂತು, ಕಾಲಂ 11ರಲ್ಲಿ ಯಾವ ಸಾಲ ಅಥವಾ ಇತರ ಹಕ್ಕು ಅದರ ಮೇಲಿದೆ, ಕಾಲಂ 12ರಲ್ಲಿ ಸಾಗುವಳಿ ಮಾಡುವವರು ಯಾರು, ಬೆಳೆ ಯಾವುದು. ಗಣಕ ಈ ಉತ್ತರಗಳನ್ನು ಕಾಪಾಡುತ್ತದೆ, ತಿದ್ದಿದರೆ ಗುರುತು ಉಳಿಸುತ್ತದೆ. ಆದರೆ ಉತ್ತರ ನೆಲದ ಮೇಲಿನ ಸ್ಥಿತಿಗೆ ಹೊಂದುತ್ತದೆಯೇ ಎಂಬುದನ್ನು ಅದು ಹೇಳಲಾರದು. ಇನ್ನೂ ಮುಖ್ಯವಾದದ್ದು, 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೆಯ ಪ್ರಕರಣದ ಪ್ರಕಾರ ಹಕ್ಕುದಾಖಲೆಯಲ್ಲಿರುವ ನಮೂದನ್ನು, ಅದು ತಪ್ಪೆಂದು ಸಾಬೀತಾಗುವವರೆಗೆ ಅಥವಾ ಕ್ರಮಬದ್ಧವಾಗಿ ಬದಲಾಗುವವರೆಗೆ, ನಿಜವೆಂದೇ ಭಾವಿಸಬೇಕು. ಅಂದರೆ ಒಮ್ಮೆ ತಪ್ಪು ಬರೆದರೆ ಅದನ್ನು ತಪ್ಪೆಂದು ತೋರಿಸುವ ಹೊರೆ, ವಕೀಲರ ಖರ್ಚು, ವರ್ಷಗಟ್ಟಲೆ ಅಲೆದಾಟ ಎಲ್ಲವೂ ಅನ್ಯಾಯಕ್ಕೊಳಗಾದವರ ಮೇಲೇ ಬೀಳುತ್ತದೆ. ಆದ್ದರಿಂದ ನಮೂದಿಗೆ ಮೊದಲು ವರದಿ ಬರೆಯುವವರ ಕಣ್ಣು ಸರಿಯಾಗಿರಬೇಕಾದ ಅಗತ್ಯ ಗಣಕೀಕರಣದಿಂದ ಕಡಿಮೆಯಾಗಿಲ್ಲ, ಹೆಚ್ಚಾಗಿದೆ.

ಒಬ್ಬರು: ಹಾಗಿದ್ದರೆ ಮೊದಲ ವಾರದಲ್ಲಿ ಕೈಗೆತ್ತಿಕೊಳ್ಳಬೇಕಾದದ್ದು ಯಾವುದು?

ಇನ್ನೊಬ್ಬರು: ಮೊದಲನೆಯದು ಪ್ರಭಾರ. ಹಿಂದಿನ ಅಧಿಕಾರಿಯಿಂದ ದಾಖಲೆ, ವಹಿ, ಸಾಮಗ್ರಿ ಮತ್ತು ಬಾಕಿ ಅರ್ಜಿಗಳನ್ನು ಪಟ್ಟಿಯ ಪ್ರಕಾರ ವಹಿಸಿಕೊಳ್ಳುವುದಕ್ಕೆ ಪ್ರಭಾರ ಹಸ್ತಾಂತರ ಎನ್ನುತ್ತಾರೆ. ವರ್ಗಾವಣೆಯಾದವರು ಹೊರಡುವ ಆತುರದಲ್ಲಿ, ಬಂದವರು ಸಂಕೋಚದಲ್ಲಿ ಇರುವುದರಿಂದ, ಈ ಪಟ್ಟಿಗೆ ಕಪಾಟು ತೆರೆಯದೆಯೇ ಸಹಿ ಬೀಳುವುದು ಸಾಮಾನ್ಯ. ಪಟ್ಟಿಯಲ್ಲಿರುವ ಗ್ರಾಮ ನಕ್ಷೆ ನಿಜವಾಗಿ ಇದೆಯೇ, ಅದರ ಮಡಿಕೆ ಹರಿದು ಯಾವುದಾದರೂ ಸರ್ವೆ ನಂಬರು ಅಳಿಸಿದೆಯೇ, ಬಾಕಿ ಅರ್ಜಿಗಳ ಸಂಖ್ಯೆ ಗಣಕದಲ್ಲಿ ತೋರುವ ಸಂಖ್ಯೆಗೆ ತಾಳೆಯಾಗುತ್ತದೆಯೇ, ಯಾವ ಅರ್ಜಿಯಲ್ಲಿ ಸ್ಥಳ ತನಿಖೆ ಆಗಿ ವರದಿ ಮಾತ್ರ ಉಳಿದಿದೆ, ಯಾವುದರಲ್ಲಿ ವರದಿ ಸಿದ್ಧವಾಗಿದ್ದರೂ ತನಿಖೆಯೇ ಆಗಿಲ್ಲ, ಎಂಬುದನ್ನು ಒಂದೊಂದಾಗಿ ನೋಡಿ, ಇಲ್ಲದ್ದನ್ನು ಇಲ್ಲವೆಂದೇ ಬರೆದು ಸಹಿ ಮಾಡುವುದು ಅಸೌಜನ್ಯವಲ್ಲ. ಹೊಸ ಅಧಿಕಾರಿಯ ಮೊದಲ ಸಹಿಯೇ ಕಾಣದ ವಸ್ತುವಿಗೆ ಬಿದ್ದರೆ, ಆ ಅಭ್ಯಾಸ ಮುಂದಿನ ಸಹಿಗಳಿಗೂ ಅಂಟಿಕೊಳ್ಳುತ್ತದೆ.

ಒಬ್ಬರು: ದಾಖಲೆಯ ನಂತರ ನೆಲ ಎಂದಾಯಿತು. ಆದರೆ ವೃತ್ತದ ಎಲ್ಲ ಸರ್ವೆ ನಂಬರುಗಳನ್ನು ಕೆಲವೇ ವಾರಗಳಲ್ಲಿ ತಿರುಗಿ ನೋಡುವುದು ಸಾಧ್ಯವೇ?

ಇನ್ನೊಬ್ಬರು: ಎಲ್ಲವನ್ನೂ ನೋಡುವುದು ಸಾಧ್ಯವಿಲ್ಲ, ಅಗತ್ಯವೂ ಇಲ್ಲ, ತಕರಾರು ಹುಟ್ಟುವ ಜಾಗಗಳನ್ನು ನೋಡಿದರೆ ಸಾಕು. ಗ್ರಾಮ ನಕ್ಷೆಯನ್ನು ಕೈಯಲ್ಲಿ ಹಿಡಿದು ಮೊದಲು ಕೆರೆ, ಕೆರೆಯ ಅಂಗಳ, ಹಳ್ಳ, ಗೋಮಾಳ, ಸ್ಮಶಾನ, ಬಂಡಿದಾರಿ ಇವುಗಳನ್ನು ನಡೆದು ನೋಡಬೇಕು, ಏಕೆಂದರೆ ಒತ್ತುವರಿ ನಡೆಯುವುದೂ ಜಗಳ ಏಳುವುದೂ ಬಹುಮಟ್ಟಿಗೆ ಇವುಗಳ ಅಂಚಿನಲ್ಲೇ. ಖರಾಬಿನ ಎರಡು ಬಗೆಗಳು ಅಲ್ಲೇ ಅರ್ಥವಾಗುತ್ತವೆ: ಕಲ್ಲು, ದಿಬ್ಬಗಳಿಂದಾಗಿ ಸಾಗುವಳಿಗೆ ಬಾರದೆ ಹಿಡುವಳಿಯೊಳಗೇ ಇರುವ ಭಾಗ 'ಅ' ಖರಾಬು, ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಉಪಯೋಗಕ್ಕೆಂದು ಬಿಟ್ಟ ಭಾಗ 'ಬ' ಖರಾಬು. ಪಹಣಿಯಲ್ಲಿ ಎರಡೂ ಗುಂಟೆಯ ಅಂಕಿಗಳಾಗಿ ಪಕ್ಕಪಕ್ಕದಲ್ಲಿ ಕೂತಿರುತ್ತವೆ; 33 ಅಡಿಗೆ 33 ಅಡಿಯ ಆ ಒಂದೊಂದು ಗುಂಟೆ ನೆಲದ ಮೇಲೆ ಊರಿನ ದಾರಿಯೋ ಒಬ್ಬರ ಬದುವೋ ಎಂಬುದು ನಿಂತು ನೋಡಿದಾಗಲೇ ತಿಳಿಯುತ್ತದೆ.

ಒಬ್ಬರು: ಬಯಲುಸೀಮೆಯಲ್ಲಿ ಕಲಿತದ್ದು ಕರಾವಳಿಗೋ ಕೊಡಗಿಗೋ ಹೊಂದುವುದಿಲ್ಲ ಎಂಬ ಮಾತೂ ಇದೆ.

ಇನ್ನೊಬ್ಬರು: ಅದು ಸರಿಯಾದ ಮಾತು. ದಕ್ಷಿಣ ಕನ್ನಡದಲ್ಲಿ ಕುಮ್ಕಿ, ಕೊಡಗಿನಲ್ಲಿ ಬಾಣೆ, ಉತ್ತರ ಕನ್ನಡದಲ್ಲಿ ಬೆಟ್ಟ ಎಂಬ ಜಮೀನುಗಳಿವೆ. ಇವುಗಳಲ್ಲಿ ಸೊಪ್ಪು, ಸೌದೆ, ಮೇವುಗಳಿಗಾಗಿ ಪಕ್ಕದ ಹಿಡುವಳಿದಾರರು ಅನುಭವಿಸಿಕೊಂಡು ಬಂದ ಸವಲತ್ತುಗಳನ್ನು ಭೂಕಂದಾಯ ಕಾಯ್ದೆಯ 79ನೆಯ ಪ್ರಕರಣ ಮಾನ್ಯ ಮಾಡುತ್ತದೆ. ಕುಮ್ಕಿ ಸರ್ಕಾರಿ ಜಮೀನೇ ಆದರೂ ಅದಕ್ಕೆ ಅಂಟಿಕೊಂಡಿರುವ ಸವಲತ್ತನ್ನು ಅರಿಯದ ಹೊಸ ಅಧಿಕಾರಿ ಅದನ್ನು ಬರೀ ಖಾಲಿ ಜಾಗವೆಂದು ವರದಿ ಮಾಡಬಹುದು, ಇಲ್ಲವೇ ಸವಲತ್ತನ್ನೇ ಮಾಲೀಕತ್ವವೆಂದು ನಂಬಬಹುದು, ಎರಡೂ ತಪ್ಪು. ಹಾಗಾಗಿ ಬೇರೆ ಸೀಮೆಯಿಂದ ಬಂದವರು ಮೊದಲ ವಾರಗಳಲ್ಲಿ ಕೇಳಬೇಕಾದ ಅತ್ಯಂತ ಉಪಯುಕ್ತ ಪ್ರಶ್ನೆ ಎಂದರೆ, ಈ ಜಾಗವನ್ನು ಯಾರು ಯಾವುದಕ್ಕೆ ಬಳಸುತ್ತಾ ಬಂದಿದ್ದಾರೆ ಎಂಬುದು.

ಒಬ್ಬರು: ಆ ಪ್ರಶ್ನೆಗೆ ಉತ್ತರಿಸುವವರು ಗ್ರಾಮ ಸಹಾಯಕರೇ ಆಗಿರುತ್ತಾರೆ. ಅವರೊಬ್ಬರನ್ನೇ ಆಶ್ರಯಿಸುವುದು ಸರಿಯೇ?

ಇನ್ನೊಬ್ಬರು: ಗ್ರಾಮ ಸಹಾಯಕರು ಅಲ್ಪ ಗೌರವಧನಕ್ಕೆ ದುಡಿಯುತ್ತಾ, ಅಧಿಕಾರಿಗಳು ಬದಲಾಗುತ್ತಿದ್ದರೂ ಊರಿನಲ್ಲೇ ಉಳಿಯುವವರು, ಯಾವ ಮನೆಯಲ್ಲಿ ಯಾರು ತೀರಿಕೊಂಡರು, ಯಾವ ಹೆಣ್ಣುಮಗಳನ್ನು ಎಲ್ಲಿಗೆ ಕೊಟ್ಟಿದ್ದಾರೆ, ಯಾವ ಬದುವಿನ ಕಲ್ಲು ಎಂದು ಸರಿಯಿತು ಎಂಬುದೆಲ್ಲ ಅವರಿಗೆ ತಿಳಿದಿರುತ್ತದೆ. ಅವರನ್ನು ಚೀಟಿ ಒಯ್ಯುವ ಆಳಿನಂತೆ ನಡೆಸಿಕೊಳ್ಳುವ ಅಧಿಕಾರಿ ತಮ್ಮ ದೊಡ್ಡ ಆಸರೆಯನ್ನು ತಾವೇ ಕಳೆದುಕೊಳ್ಳುತ್ತಾರೆ. ಆದರೂ ಅವರು ಸಹ ಊರಿನ ಒಂದು ಕೇರಿಯವರು, ಒಂದು ಬಳಗಕ್ಕೆ ಸೇರಿದವರು. ಅವರ ಮಾತಿಗೆ ಗೌರವ ಕೊಡುತ್ತಲೇ, ಅದೇ ಸಂಗತಿಯನ್ನು ಇನ್ನೊಂದು ಕೇರಿಯ ಹಿರಿಯರೊಬ್ಬರಲ್ಲಿ, ಅಂಗನವಾಡಿಯ ಕಾರ್ಯಕರ್ತೆಯಲ್ಲಿ, ಪಕ್ಕದ ಹೊಲದವರಲ್ಲಿ ಕೇಳಿ ತಾಳೆ ನೋಡುವುದು ಅಪನಂಬಿಕೆಯಲ್ಲ, ತನಿಖೆಯ ಕ್ರಮ. ಹಾಗೆ ಕೇಳುವುದು ಎಲ್ಲ ಪ್ರಕರಣಗಳಲ್ಲೂ ನಡೆಯುತ್ತದೆಂದು ಮೊದಲಿನಿಂದಲೇ ತಿಳಿದಿದ್ದರೆ ಯಾರಿಗೂ ನೋವಾಗುವುದಿಲ್ಲ.

ಒಬ್ಬರು: ಇದೆಲ್ಲವೂ ಕಾಲಾವಕಾಶ ಇರುವವರಿಗೆ ಹೇಳುವ ಮಾತಾಯಿತು. ಅಧಿಕಾರಿ ಊರು ಕಲಿಯುವವರೆಗೆ ಅರ್ಜಿದಾರರು ಕಾಯುತ್ತಾರೆಯೇ? ವಿದ್ಯಾರ್ಥಿಗೆ ಶುಲ್ಕ ಕಟ್ಟುವ ಕೊನೆಯ ದಿನ ಬಂದಿರುತ್ತದೆ, ಅವನಿಗೆ ಆದಾಯ ಪ್ರಮಾಣಪತ್ರ ಬೇಕು. 2011ರ ಸಕಾಲ ಕಾಯ್ದೆ ಸೇವೆಗಳಿಗೆ ಗಡುವು ವಿಧಿಸಿದೆ. ಗಡುವು ಮೀರಿದರೆ ಅರ್ಜಿದಾರರು ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಯವರೆಗೆ ಪರಿಹಾರ ಕೇಳಬಹುದು. ಮೊತ್ತ ಸಣ್ಣದಾದರೂ ಮೇಲಧಿಕಾರಿಗಳ ಸಭೆಯಲ್ಲಿ ಬಾಕಿ ಸಂಖ್ಯೆಯನ್ನು ಓದುವಾಗ ಹೊಸಬರ ಮೇಲೆ ಬೀಳುವ ಒತ್ತಡ ಸಣ್ಣದಲ್ಲ.

ಇನ್ನೊಬ್ಬರು: ಆಕ್ಷೇಪ ನ್ಯಾಯವಾದದ್ದು, ಮತ್ತು ಗಡುವು ಇರುವುದು ಜನರ ಒಳಿತಿಗಾಗಿಯೇ. ಅದಕ್ಕೆ ಉತ್ತರ ತನಿಖೆಯನ್ನು ಬಿಡುವುದರಲ್ಲಿಲ್ಲ, ಅರ್ಜಿಗಳನ್ನು ವಿಂಗಡಿಸುವುದರಲ್ಲಿದೆ. ಈಗಾಗಲೇ ದೃಢಪಟ್ಟ ದಾಖಲೆಯಿಂದಲೇ ತೀರ್ಮಾನಿಸಬಹುದಾದ ಅರ್ಜಿಗಳು ಒಂದು ಗುಂಪು. ಅವುಗಳನ್ನು ಅಂದಂದೇ ಮುಗಿಸಬೇಕು. ಮನೆಯವರೆಗೆ ಹೋಗಿ ನೋಡಬೇಕಾದವು ಎರಡನೆಯ ಗುಂಪು. ಒಂದು ಕೇರಿಯ ಅಂಥ ಅರ್ಜಿಗಳನ್ನೆಲ್ಲ ಒಟ್ಟುಮಾಡಿ ಒಂದೇ ಓಡಾಟದಲ್ಲಿ ನೋಡಿದರೆ, ಗಡುವೂ ಉಳಿಯುತ್ತದೆ, ಊರೂ ಪರಿಚಯವಾಗುತ್ತದೆ. ಇತರರ ಹಕ್ಕಿಗೆ ಧಕ್ಕೆ ತರಬಹುದಾದವು ಮೂರನೆಯ ಗುಂಪು. ಇಲ್ಲಿ ಮಾತ್ರ ನಿಧಾನ ಕಡ್ಡಾಯ. ಅರ್ಜಿದಾರರಿಗೆ ಇಂಥ ದಿನ ಬಂದು ನೋಡುತ್ತೇವೆಂದು ತಿಳಿಸಿ, ಆ ದಿನ ಹೋಗಿಯೇ ಹೋದರೆ, ಎರಡು ಮೂರು ವಾರದಲ್ಲಿ ಮಾತಿಗೆ ತೂಕ ಬರುತ್ತದೆ. ಜನರನ್ನು ಕಂಗೆಡಿಸುವುದು ಕಾಯುವುದಕ್ಕಿಂತ ಹೆಚ್ಚಾಗಿ, ಎಷ್ಟು ಕಾಯಬೇಕೆಂದು ತಿಳಿಯದಿರುವುದು.

ಒಬ್ಬರು: ಆ ಮೂರನೆಯ ಗುಂಪಿಗೆ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಬಹುದೇ?

ಇನ್ನೊಬ್ಬರು: ಪೌತಿ ಖಾತೆಯೇ ಅದಕ್ಕೆ ತಕ್ಕ ಉದಾಹರಣೆ. ಖಾತೆದಾರರು ತೀರಿಕೊಂಡಾಗ ವಾರಸುದಾರರ ಹೆಸರಿಗೆ ದಾಖಲೆ ಬದಲಾಯಿಸುವುದಕ್ಕೆ ಪೌತಿ ಖಾತೆ ಎನ್ನುತ್ತಾರೆ. ಅದಕ್ಕೆ ಮರಣ ಪ್ರಮಾಣಪತ್ರದೊಡನೆ ವಂಶವೃಕ್ಷ, ಅಂದರೆ ಕುಟುಂಬದ ಸದಸ್ಯರೆಲ್ಲರ ಹೆಸರಿನ ದೃಢೀಕೃತ ಪಟ್ಟಿ, ಬೇಕು. ಒಬ್ಬ ರೈತ 4 ಎಕರೆ 20 ಗುಂಟೆಯ ಸ್ವಯಾರ್ಜಿತ ಜಮೀನನ್ನು ಬಿಟ್ಟು, ಉಯಿಲು ಬರೆಯದೆ ತೀರಿಕೊಂಡನೆಂದು ಭಾವಿಸೋಣ. ಅದರಲ್ಲಿ 8 ಗುಂಟೆ 'ಬ' ಖರಾಬು ಕಳೆದರೆ ಉಳಿಯುವುದು 4 ಎಕರೆ 12 ಗುಂಟೆ, ಅಂದರೆ 172 ಗುಂಟೆ. ಮನೆಯಲ್ಲಿ ಹೆಂಡತಿ, ಒಬ್ಬ ಮಗ, ಮದುವೆಯಾಗಿ ಹೋದ ಇಬ್ಬರು ಹೆಣ್ಣುಮಕ್ಕಳು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ನಾಲ್ವರೂ ಮೊದಲ ವರ್ಗದ ವಾರಸುದಾರರು, ತಲಾ 43 ಗುಂಟೆಯ ಹಕ್ಕು. ಖಾತೆ ನಾಲ್ವರ ಹೆಸರಿಗೆ ಜಂಟಿಯಾಗಿ ಆಗಬೇಕು. ಆದರೆ ಹೊಸ ಅಧಿಕಾರಿಯ ಮುಂದೆ ಬರುವ ಪಟ್ಟಿಯಲ್ಲಿ ತಾಯಿ, ಮಗ ಇಬ್ಬರದೇ ಹೆಸರು. ಹೆಣ್ಣುಮಕ್ಕಳಿಗೆ ಮದುವೆಯಲ್ಲಿ ಕೊಡುವುದನ್ನೆಲ್ಲ ಕೊಟ್ಟಾಗಿದೆ, ಈ ಊರಿನಲ್ಲಿ ಹೀಗೇ ನಡೆದುಕೊಂಡು ಬಂದಿದೆ ಎಂಬ ಸಮಜಾಯಿಷಿ. ಪಕ್ಕದಲ್ಲಿ ಸಾಕ್ಷಿ ಹೇಳಲು ಸಿದ್ಧರಾದ ಊರ ಹಿರಿಯರು.

ಒಬ್ಬರು: ಪಿತ್ರಾರ್ಜಿತ ಆಸ್ತಿಯಾಗಿದ್ದರೆ?

ಇನ್ನೊಬ್ಬರು: ಆಗಲೂ ಹೆಣ್ಣುಮಕ್ಕಳನ್ನು ಬಿಡುವಂತಿಲ್ಲ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು. 2005ರ ಕೇಂದ್ರ ತಿದ್ದುಪಡಿ ಮಗಳನ್ನು ಹುಟ್ಟಿನಿಂದಲೇ ಮಗನಂತೆ ಸಮಾನ ಹಕ್ಕುದಾರಳನ್ನಾಗಿ ಮಾಡಿತು. ಆ ಹಕ್ಕಿಗೆ 2005ರಲ್ಲಿ ತಂದೆ ಬದುಕಿರಲೇಬೇಕೆಂಬ ಷರತ್ತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ವಂಶವೃಕ್ಷವಂತೂ ಯಾರಿಗೆ ಎಷ್ಟು ಪಾಲು ಎಂದು ಹೇಳುವ ಪತ್ರವೇ ಅಲ್ಲ, ಯಾರು ಯಾರ ಮಕ್ಕಳು ಎಂದು ಹೇಳುವ ಪತ್ರ. ಹೆಣ್ಣುಮಕ್ಕಳಿಗೆ ನಿಜವಾಗಿಯೂ ಪಾಲು ಬೇಡವಾಗಿದ್ದರೆ ಅದಕ್ಕೆ ನೋಂದಾಯಿತ ಹಕ್ಕುಬಿಡುಗಡೆ ಪತ್ರವೆಂಬ ಬೇರೆ ದಾರಿಯಿದೆ. ಅವರು ಹುಟ್ಟಿಯೇ ಇಲ್ಲವೆಂಬಂತೆ ಪಟ್ಟಿ ಬರೆಯುವುದು ದಾರಿಯಲ್ಲ.

ಒಬ್ಬರು: ಆದರೆ ಬಂದ ಎರಡನೆಯ ವಾರದಲ್ಲೇ ಊರ ಹಿರಿಯರ ಮಾತನ್ನು ತಿರಸ್ಕರಿಸಿದವರಿಗೆ ಬಿಗಿ ಮನುಷ್ಯ ಎಂಬ ಹೆಸರು ಬರುತ್ತದೆ, ಮುಂದೆ ಯಾವ ತನಿಖೆಗೂ ಸಹಕಾರ ಸಿಗದೆ ಹೋಗಬಹುದು. ಸ್ವಲ್ಪ ಕಾಲ ಊರಿನ ರೂಢಿಯಂತೆ ನಡೆದು, ಬೇರೂರಿದ ಮೇಲೆ ತಿದ್ದುವುದು ಜಾಣತನವಲ್ಲವೇ?

ಇನ್ನೊಬ್ಬರು: ಆ ವಾದ ಎಷ್ಟು ಸಹಜವೋ ಅಷ್ಟೇ ಹಾನಿಕರ. ಉದ್ಯೋಗಕ್ಕೆ ಹೊಸದಾಗಿ ಸೇರಿದವರನ್ನು ಸಂಸ್ಥೆ ತನ್ನ ರೀತಿಗೆ ಒಗ್ಗಿಸಿಕೊಳ್ಳುವ ಪ್ರಕ್ರಿಯೆಯನ್ನು ಸಾಮಾಜಿಕೀಕರಣ ಎನ್ನುತ್ತಾರೆ. ಅದರ ಬಗ್ಗೆ 1979ರಲ್ಲಿ ಪ್ರಸಿದ್ಧ ಪ್ರಬಂಧ ಬರೆದ ಜಾನ್ ವಾನ್ ಮಾನೆನ್ ಮತ್ತು ಎಡ್ಗರ್ ಶೈನ್, ಹೊಸಬರ ಪ್ರತಿಕ್ರಿಯೆಗಳಲ್ಲಿ ಪಾಲಕ ನಿಲುವು, ಅಂದರೆ ಪಾತ್ರವನ್ನು ಬಂದಂತೆಯೇ ಒಪ್ಪಿ ಕಾಪಾಡುವ ನಿಲುವು, ಒಂದಾದರೆ, ಪಾತ್ರದ ರೀತಿಯನ್ನೋ ಗುರಿಯನ್ನೋ ಹೊಸದಾಗಿಸುವ ನಿಲುವು ಇನ್ನೊಂದೆಂದು ಗುರುತಿಸಿದರು. ಹೊಸ ಗ್ರಾಮ ಆಡಳಿತಾಧಿಕಾರಿ ಕೆಲಸದ ಕ್ರಮ, ಊರಿನ ನಡವಳಿಕೆ, ಮಾತಿನ ರೀತಿ ಇವುಗಳಲ್ಲಿ ಧಾರಾಳವಾಗಿ ಒಗ್ಗಿಕೊಳ್ಳಬಹುದು. ಸತ್ಯಕ್ಕೆ ಸಹಿ ಮಾಡುವ ವಿಷಯದಲ್ಲಿ ಒಗ್ಗಿಕೊಳ್ಳುವುದಕ್ಕೆ ಏನೂ ಇಲ್ಲ. ಮೇಲಾಗಿ, ಮೊದಲ ವಾರಗಳಲ್ಲಿ ಮಾಡಿಕೊಟ್ಟ ಒಂದು ರಿಯಾಯಿತಿ ಮುಂದೆ ಬರುವ ಪ್ರತಿಯೊಬ್ಬರಿಗೂ ಆಧಾರವಾಗುತ್ತದೆ. ಅವರಿಗೆ ಮಾಡಿಕೊಟ್ಟದ್ದು ಇವರಿಗೇಕಿಲ್ಲ ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ನಂತರ ತಿದ್ದಿಕೊಳ್ಳುತ್ತೇನೆಂದುಕೊಂಡವರು ನಂತರ ತಿದ್ದಲಾಗದೆ ಉಳಿಯುವುದು ಈ ಕಾರಣಕ್ಕೆ.

ಒಬ್ಬರು: ಹಾಗಾದರೆ ಇಲ್ಲವೆನ್ನುವ ರೀತಿಯಾದರೂ ಇರಬೇಕಲ್ಲ?

ಇನ್ನೊಬ್ಬರು: ಖಂಡಿತ ಇರಬೇಕು, ನಿಷ್ಠುರತೆಗೂ ಒರಟುತನಕ್ಕೂ ಸಂಬಂಧವಿಲ್ಲ. ಅರ್ಜಿದಾರರನ್ನು ಕೂರಿಸಿ, ಹೆಣ್ಣುಮಕ್ಕಳ ಹೆಸರು ಬಿಟ್ಟರೆ ಮುಂದೆ ಅವರಲ್ಲಿ ಒಬ್ಬರು ತಕರಾರು ಹಾಕಿದಾಗ ಜಮೀನಿನ ಸಾಲ, ಮಾರಾಟ, ಪರಿಹಾರ ಎಲ್ಲವೂ ನಿಂತುಹೋಗುತ್ತದೆಂದು, ಎಲ್ಲರ ಹೆಸರಿನಲ್ಲಿ ಮಾಡಿಸಿದರೆ ಮಗನಿಗೂ ಭದ್ರವೆಂದು ವಿವರಿಸಿ ಹೇಳಬೇಕು. ಹೆಣ್ಣುಮಕ್ಕಳ ಊರಿಗೆ ದೂರವಾಣಿ ಮಾಡಿ ಅವರೊಡನೆ ಮಾತನಾಡಬೇಕು. ಒಪ್ಪದಿದ್ದರೆ ಕಾರಣವನ್ನು ಕಡತದಲ್ಲಿ ಬರೆದು ಕಂದಾಯ ನಿರೀಕ್ಷಕರ, ಅಂದರೆ ಹೋಬಳಿ ಮಟ್ಟದ ಮೇಲಧಿಕಾರಿಯ, ಗಮನಕ್ಕೆ ತರಬೇಕು. ಕಾನೂನಿನ ಅಂಶ ಸ್ಪಷ್ಟವಿಲ್ಲದಿದ್ದಾಗ ಪಕ್ಕದ ವೃತ್ತದ ಅನುಭವಿ ಸಹೋದ್ಯೋಗಿಯನ್ನೋ ತಾಲ್ಲೂಕು ಕಚೇರಿಯ ವಿಷಯ ನಿರ್ವಾಹಕರನ್ನೋ ಕೇಳುವುದರಲ್ಲಿ ಅವಮಾನವೇನಿಲ್ಲ. ಹೊಸಬರು ಕೇಳಿದರೆ ಯಾರೂ ಅಚ್ಚರಿಪಡುವುದಿಲ್ಲ, ಎರಡು ವರ್ಷ ಕಳೆದ ಮೇಲೆ ಅದೇ ಪ್ರಶ್ನೆ ಕೇಳುವುದು ಕಷ್ಟ. ಕೇಳುವ ಈ ಸ್ವಾತಂತ್ರ್ಯ ಮೊದಲ ವಾರಗಳ ದೊಡ್ಡ ಸಂಪತ್ತು, ಅದನ್ನು ಸಂಕೋಚಕ್ಕೆ ಬಲಿಕೊಡಬಾರದು.

ಒಬ್ಬರು: ಇಲ್ಲಿಯವರೆಗೆ ಹೊರೆಯೆಲ್ಲ ಹೊಸಬರ ಹೆಗಲ ಮೇಲೇ ಬಿದ್ದಂತಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಗ್ರಾಮ ಆಡಳಿತಾಧಿಕಾರಿಗಳು ರಾಜ್ಯದಾದ್ಯಂತ ಮುಷ್ಕರಕ್ಕಿಳಿದಾಗ, ಮೊಬೈಲ್ ಆಪ್‌ಗಳ ಹೊರೆ ಮತ್ತು ಕಚೇರಿಯ ಮೂಲಸೌಕರ್ಯದ ಕೊರತೆ ಅವರ ಮುಖ್ಯ ಅಳಲಾಗಿದ್ದವು. ಕೂರಲು ಸರಿಯಾದ ಜಾಗವೇ ಇಲ್ಲದವರಿಗೆ ನೆಲೆಯೂರಿರೆಂದು ಹೇಳುವುದು ನ್ಯಾಯವೇ?

ಇನ್ನೊಬ್ಬರು: ನ್ಯಾಯವಲ್ಲ, ಮತ್ತು ಈ ಭಾಗವನ್ನು ಬಿಟ್ಟು ಮಾಡುವ ಯಾವ ಉಪದೇಶವೂ ಅಪೂರ್ಣ. ಪರೀಕ್ಷಾರ್ಥ ಅವಧಿ, ಅಂದರೆ ಸೇವೆ ಕಾಯಂ ಆಗುವ ಮುನ್ನ ಯೋಗ್ಯತೆಯನ್ನು ಪರಿಶೀಲಿಸುವ ಅವಧಿ, ಅದಕ್ಕೆ ಸಂಬಂಧಿಸಿದ 1977ರ ರಾಜ್ಯ ನಿಯಮಗಳ ಪ್ರಕಾರ ಎರಡು ವರ್ಷಕ್ಕೆ ಕಡಿಮೆಯಿರುವಂತಿಲ್ಲ. ಆ ಅವಧಿಯಲ್ಲಿ ಪರೀಕ್ಷೆಗೆ ಒಳಗಾಗುವುದು ನೌಕರರು ಮಾತ್ರವಲ್ಲ, ಅವರನ್ನು ರೂಪಿಸುವ ಕಚೇರಿಯೂ ಹೌದು. ಹೊಸಬರಿಗೆ ಬಂದ ತಿಂಗಳಲ್ಲೇ ಪಕ್ಕದ ವೃತ್ತದ ಹೆಚ್ಚುವರಿ ಪ್ರಭಾರ ವಹಿಸದಿರುವುದು, ಹಿಂದಿನ ಅಧಿಕಾರಿ ಕೆಲವು ದಿನವಾದರೂ ಜೊತೆಯಲ್ಲಿ ಓಡಾಡಿ ಊರು ತೋರಿಸುವಂತೆ ನೋಡಿಕೊಳ್ಳುವುದು, ಮೊದಲ ಕೆಲವು ಮಹಜರುಗಳಿಗೆ, ಅಂದರೆ ಸಾಕ್ಷಿಗಳ ಮುಂದೆ ಸ್ಥಳದಲ್ಲೇ ಬರೆಯುವ ವಿವರಗಳಿಗೆ, ಕಂದಾಯ ನಿರೀಕ್ಷಕರು ಜೊತೆಗಿರುವುದು, ಸಭೆಯಲ್ಲಿ ಬಾಕಿಯ ಸಂಖ್ಯೆಯ ಜೊತೆಗೆ ತನಿಖೆಯ ಗುಣವನ್ನೂ ಕೇಳುವುದು: ಇವುಗಳಲ್ಲಿ ಬಹುಪಾಲಿಗೆ ಹೊಸ ಅನುದಾನ ಬೇಕಿಲ್ಲ, ಹಿರಿಯರ ಮನಸ್ಸು ಬೇಕು. ಹೆಣ್ಣುಮಕ್ಕಳು ಹೊಸ ಅಧಿಕಾರಿಗಳಾಗಿ ಬಂದಾಗ ಸುರಕ್ಷಿತ ವಸತಿ, ಕಚೇರಿಯಲ್ಲಿ ಶೌಚಾಲಯ, ದೂರದ ಸ್ಥಳ ತನಿಖೆಗೆ ಜೊತೆಯವರು ಇವು ಸೌಲಭ್ಯಗಳಲ್ಲ, ಕೆಲಸ ನಡೆಯಲು ಬೇಕಾದ ಷರತ್ತುಗಳು.

ಒಬ್ಬರು: ಕೊನೆಯದಾಗಿ, ಅಧಿಕಾರಿ ನೆಲೆಯೂರಿದ್ದಾರೆಂದು ತಿಳಿಯುವುದು ಯಾವುದರಿಂದ?

ಇನ್ನೊಬ್ಬರು: ಮೂರು ಗುರುತುಗಳಿಂದ ತಿಳಿಯಬಹುದು. ಮೊದಲನೆಯದು, ಬಾಕಿಯಿರುವ ಯಾವ ಅರ್ಜಿಯ ಬಗ್ಗೆ ಕೇಳಿದರೂ ಅದು ಏಕೆ ಬಾಕಿಯಿದೆ, ಮುಂದಿನ ಹೆಜ್ಜೆ ಯಾರದು ಎಂಬುದನ್ನು ಅವರು ಅರ್ಜಿದಾರರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಬಲ್ಲರು. ಎರಡನೆಯದು, ಇನ್ನೂ ನೋಡದ ಸಂಗತಿಯನ್ನು ನೋಡಿಲ್ಲವೆಂದು ಮೇಲಧಿಕಾರಿಯ ಮುಂದೆಯೂ ಒಪ್ಪಿಕೊಳ್ಳಬಲ್ಲರು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು: ಶಿಫಾರಸು ಇಲ್ಲದವರು, ಮಧ್ಯವರ್ತಿಯನ್ನು ಕರೆತರದವರು, ಪಟ್ಟಿಯಿಂದ ಹೆಸರು ಬಿಟ್ಟುಹೋದ ಹೆಣ್ಣುಮಕ್ಕಳು, ಪಿಂಚಣಿ ನಿಂತುಹೋದ ಮುದುಕಿಯರು ಒಬ್ಬೊಬ್ಬರಾಗಿ ನೇರವಾಗಿ ಕಚೇರಿಗೆ ಬರತೊಡಗುತ್ತಾರೆ. ಮೊದಲ ವಾರದಲ್ಲಿ ಬಂದು ಹಾರ ಹಾಕಿದವರ ಲೆಕ್ಕಕ್ಕಿಂತ, ಎರಡನೆಯ ತಿಂಗಳಲ್ಲಿ ಹೀಗೆ ತಾವಾಗಿಯೇ ಬಂದವರ ಲೆಕ್ಕ ದೊಡ್ಡದು. ಆ ಲೆಕ್ಕ ಬೆಳೆಯುತ್ತಿದ್ದರೆ ಅಧಿಕಾರಿ ನೆಲೆಯೂರಿದ್ದಾರೆಂದು, 1963ರಲ್ಲಿ ವಂಶದ ಹಕ್ಕನ್ನು ತೆಗೆದುಹಾಕಿದ ಉದ್ದೇಶವೂ ಆ ಒಂದು ವೃತ್ತದ ಮಟ್ಟಿಗೆ ನೆರವೇರಿದೆಯೆಂದು ಧೈರ್ಯವಾಗಿ ಹೇಳಬಹುದು.